ವಿದ್ಯುತ್ ಮಿಡಿತದ ಚಿಕಿತ್ಸೆ: ಒಂದು ಚರಿತ್ರೆ

ಕಳೆದ ವರ್ಷ ಮಳೆಗಾಲದ ಒಂದು ಸಂಜೆ, ವರಾಛಾದಲ್ಲಿ ನಾವಿರುವ ಸೊಸೈಟಿಯ ಕೆಳಮಹಡಿಯ ನೆರೆಯವರು ಬಂದು ಬಾಗಿಲು ತಟ್ಟಿದರು. ಸೌರಾಷ್ಟ್ರದ ಅಮ್ರೇಲಿ ಕಡೆಯವರು. ಇಪ್ಪತ್ತು ವರ್ಷಗಳಿಂದ ವಜ್ರದ ಕಾರಖಾನೆಯಲ್ಲಿ ಘಂಟಿಯ ಮುಂದೆ ಕುಳಿತು ಹರಳು ಉಜ್ಜುವವರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಗುಜರಾತಿ ಪತ್ರಿಕೆಯ ತುಂಡಿತ್ತು. “ಅಣ್ಣಾ, ನೀವು ಬೆಂಗಳೂರಿನವರಲ್ಲವೇ? ನಿಮ್ಮೂರಲ್ಲಿ ಕ್ಯಾನ್ಸರನ್ನು ಕರೆಂಟಿನಿಂದ ವಾಸಿ ಮಾಡುವ ಯಂತ್ರವಿದೆಯಂತೆ. ನಿಜವೇ?” ಎಂದು ಕೇಳಿದರು. ನಾನು ಧಾರವಾಡದವನು. ಆದರೆ ಸೂರತ್ತಿನಲ್ಲಿ ದಕ್ಷಿಣದವರೆಲ್ಲ ಅಣ್ಣಾಗಳೇ, ಅಣ್ಣಾಗಳೆಲ್ಲ ಒಂದೋ ಮದರಾಸಿನವರು, ಇಲ್ಲವೇ ಬೆಂಗಳೂರಿನವರು. ತಿದ್ದುವ ಸಮಯ ಅದಾಗಿರಲಿಲ್ಲ. ಅವರ ಮೋಟಾಭಾಯಿಗೆ, ಅಂದರೆ ಹಿರಿಯಣ್ಣನಿಗೆ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಆ ವಾರವಷ್ಟೇ ಗೊತ್ತಾಗಿತ್ತು. ಆಪರೇಷನ್ ಆಗುವುದಿಲ್ಲ ಎಂದಿದ್ದರಂತೆ. ಊರಲ್ಲಿರುವ ಆರು ವಿಘಾ ಹೊಲ ಮಾರಿ ಬೆಂಗಳೂರಿಗೆ ಹೊರಡುವ ಯೋಚನೆ ಮನೆಯವರದು.

ನಾನು ವೈದ್ಯನಲ್ಲ. ವಡೋದರಾದ ಒಂದು ಟ್ರಾನ್ಸ್‌ಫಾರ್ಮರ್ ಕಾರಖಾನೆಯ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು, ನಿವೃತ್ತಿಯ ನಂತರ ಮಗನ ಜೊತೆ ಇಲ್ಲಿ ಬಂದು ನೆಲೆಸಿದವನು. ಆದರೂ ಹೊಲ ಮಾರುವ ಮಾತು ಕೇಳಿ ಸುಮ್ಮನೆ ಕೂರಲಾಗಲಿಲ್ಲ. “ಭಾಯಿ, ಎಂಟು ದಿನ ತಡೆಯಿರಿ, ಓದಿ ನೋಡಿ ಹೇಳುತ್ತೇನೆ” ಎಂದೆ. ಆ ಎಂಟು ದಿನದ ಓದು, ಅನಂತರದ್ದನ್ನೂ ಕೂಡಿಸಿ, ಈ ಲೇಖನವಾಗಿದೆ.

ಮೊದಲು ಗ್ರಂಥಿಯ ವಿಚಾರ. ಜಠರದ ಹಿಂದೆ ಬೆನ್ನುಮೂಳೆಗೆ ಒತ್ತಿಕೊಂಡಂತೆ ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ ಅಡ್ಡಲಾಗಿ ಮಲಗಿರುವುದು ಈ ಪ್ಯಾಂಕ್ರಿಯಾಸ್, ಅಥವಾ ಮೇದೋಜೀರಕ. ಇನ್ಸುಲಿನ್ ಹುಟ್ಟುವ ಜಾಗವೆಂದು ಸಕ್ಕರೆ ಕಾಯಿಲೆಯವರಿಗೆಲ್ಲ ಇದರ ಹೆಸರು ಗೊತ್ತು. ಕೊಬ್ಬನ್ನು ಅರಗಿಸುವ ರಸ ತಯಾರಾಗುವುದೂ ಇಲ್ಲಿಯೇ. ಇಷ್ಟು ಒಳಗೆ ಅಡಗಿರುವುದರಿಂದ ಗಂಟು ಬೆಳೆದರೂ ಕೈಗೆ ಸಿಗುವುದಿಲ್ಲ. ಹೊಟ್ಟೆಯಿಂದ ಬೆನ್ನಿಗೆ ಹಾಯುವ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಕಾಮಾಲೆ, ಐವತ್ತು ದಾಟಿದ ಮೇಲೆ ಹಠಾತ್ತನೆ ಕಾಣಿಸಿಕೊಂಡ ಸಕ್ಕರೆ: ಇವೇ ಸೂಚನೆಗಳು. ನಮ್ಮಲ್ಲಿ ಇವನ್ನು ಗ್ಯಾಸ್ ಎಂದೋ ಪಿತ್ತವೆಂದೋ ಮೂರು ತಿಂಗಳು ಮಾತ್ರೆ ನುಂಗಿ ಕಳೆಯುವವರೇ ಹೆಚ್ಚು. ಗೋವೆಯ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರಿಕರ್ 2019ರ ಮಾರ್ಚಿಯಲ್ಲಿ ತೀರಿಕೊಂಡದ್ದು ಈ ರೋಗದಿಂದಲೇ.

ಶಸ್ತ್ರಕ್ರಿಯೆ ಇದೆ. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಮೊದಲು ಮಾಡಿದ್ದು, 1935ರಲ್ಲಿ ನ್ಯೂಯಾರ್ಕಿನ ಆ್ಯಲನ್ ವಿಪ್ಪಲ್ ಅದಕ್ಕೊಂದು ಕ್ರಮ ಹಾಕಿಕೊಟ್ಟದ್ದು. ಆದರೆ ರೋಗ ಪತ್ತೆಯಾದ ನೂರು ಮಂದಿಯಲ್ಲಿ ಅದು ಸಾಧ್ಯವಾಗುವುದು ಹದಿನೈದು ಇಪ್ಪತ್ತು ಮಂದಿಗೆ ಮಾತ್ರ. ಉಳಿದವರಲ್ಲಿ ಎರಡು ಬಗೆ. ಸುಮಾರು ಅರ್ಧದಷ್ಟು ಜನರಿಗೆ ರೋಗವು ಯಕೃತ್ತಿಗೋ ಬೇರೆಡೆಗೋ ಆಗಲೇ ಹರಡಿರುತ್ತದೆ. ಮಿಕ್ಕ ಸುಮಾರು ಮೂರನೇ ಒಂದು ಪಾಲಿನವರಲ್ಲಿ ರೋಗ ಇದ್ದ ಜಾಗದಲ್ಲೇ ಇರುತ್ತದೆ, ಆದರೆ ಯಕೃತ್ತಿಗೂ ಕರುಳಿಗೂ ರಕ್ತ ಒಯ್ಯುವ ದೊಡ್ಡ ನಾಳಗಳನ್ನು, ಹಲಸಿನ ಮೇಣದಂತೆ, ಸುತ್ತಿ ಹಿಡಿದಿರುತ್ತದೆ. ಕತ್ತಿ ಹಾಕಿದರೆ ನಾಳ ಹೋದೀತು. ಈ ಎರಡಕ್ಕೂ ಸಾಮಾನ್ಯ ಜನ ಬಳಸುವ ಮಾತು ಒಂದೇ, ‘ಮುಂದುವರಿದ ಕ್ಯಾನ್ಸರ್’ ಎಂದು. ಓದುಗರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ನಾಡಿನವರು ನಾವೆಂದು ಸಂಘದ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದಕ್ಕೂ ಒಂದೂವರೆ ಶತಮಾನ ಮೊದಲೇ ಯೂರೋಪಿನಲ್ಲಿ ವಿದ್ಯುತ್ತು ಒಂದು ಚಮತ್ಕಾರದ ವಸ್ತುವಾಗಿತ್ತು. ಫ್ರಾನ್ಸಿನ ಪಾದ್ರಿ ಝಾನ್ ಆಂತ್ವಾನ್ ನೊಲೆ 1746ರಲ್ಲಿ ಹದಿನೈದನೆಯ ಲೂಯಿ ದೊರೆಯ ಮುಂದೆ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಲೈಡನ್ ಜಾಡಿಯಿಂದ ಒಂದೇ ಹೊಡೆತಕ್ಕೆ ಎಲ್ಲರನ್ನೂ ನೆಗೆಸಿದನಂತೆ. ದೊರೆಗೆ ಖುಷಿ, ಭಟರಿಗೆ ಏನೋ ಕಾಣೆ. ಇದೇ ನೊಲೆ 1754ರ ಸುಮಾರಿಗೆ, ಕಿಡಿ ತಾಕಿಸಿದ ಪ್ರಾಣಿಗಳ ಮತ್ತು ಮನುಷ್ಯರ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಏಳುವುದನ್ನು ಗುರುತಿಸಿ ಬರೆದಿಟ್ಟ. ಈಗಿನ ಸಂಶೋಧಕರು ತಮ್ಮ ವಿದ್ಯೆಯ ಚರಿತ್ರೆಯನ್ನು ಆ ಕೆಂಪು ಚುಕ್ಕೆಯಿಂದ ಆರಂಭಿಸುತ್ತಾರೆ.

ಆ ಬಳಿಕ ನೂರೈವತ್ತು ವರ್ಷ ವಿದ್ಯುತ್ತಿನ ಹೆಸರಿನಲ್ಲಿ ಏನೇನೋ ನಡೆಯಿತು. ಲಂಡನ್ನಿನಲ್ಲಿ ಜೇಮ್ಸ್ ಗ್ರಹಾಂ ಎಂಬಾತ 1780ರ ದಶಕದಲ್ಲಿ ಸಂತಾನಭಾಗ್ಯಕ್ಕೆಂದು ‘ದಿವ್ಯ ಶಯ್ಯೆ’ಯನ್ನು ಬಾಡಿಗೆಗೆ ಕೊಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ನರದೌರ್ಬಲ್ಯದಿಂದ ಹಿಡಿದು ಸಂಧಿವಾತದವರೆಗೆ ಸಕಲ ರೋಗಕ್ಕೂ ಸೊಂಟಕ್ಕೆ ಕಟ್ಟುವ ವಿದ್ಯುತ್ ಪಟ್ಟಿಗಳು ಮಾರಾಟವಾದವು. ಕಣ್ಣಿಗೆ ಕಾಣದ ಶಕ್ತಿ, ಹೊಳೆಯುವ ಯಂತ್ರ, ಸಾಯಲಾರದ ಆಸೆ ಮೂರೂ ಸೇರಿದ ಕಡೆ ವ್ಯಾಪಾರ ಹುಟ್ಟುವುದು ಹೊಸದೇನಲ್ಲ.

ವಿಜ್ಞಾನದ ಕಡೆಯಿಂದ ನಿಜವಾದ ಹೆಜ್ಜೆ ಬಿದ್ದದ್ದು ನಮ್ಮ ಕಾಲದಲ್ಲಿ. 1958ರಲ್ಲಿ ರಾಬರ್ಟ್ ಸ್ಟೆಂಫ್ಲಿ ಎಂಬ ವಿಜ್ಞಾನಿ ಕಪ್ಪೆಯ ನರತಂತುವಿನ ಪೊರೆಯು ವಿದ್ಯುತ್ತಿನ ಹೊಡೆತಕ್ಕೆ ಮುರಿದು ಮತ್ತೆ ಕೂಡಿಕೊಳ್ಳಬಲ್ಲದೆಂದು ತೋರಿಸಿದ. ಹತ್ತು ವರ್ಷದೊಳಗೆ, 1967ರಲ್ಲಿ, ಇಂಗ್ಲೆಂಡಿನ ಯೂನಿಲಿವರ್ ಪ್ರಯೋಗಾಲಯದ ಸೇಲ್ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರು ಬ್ಯಾಕ್ಟೀರಿಯಾಗಳ ಮೇಲೆ ಕ್ಷಣಾರ್ಧದ ತೀವ್ರ ಮಿಡಿತಗಳನ್ನು ಹರಿಸಿದರು. ಜೀವಿಗಳು ಸತ್ತವು, ಆದರೆ ಶಾಖದಿಂದಲ್ಲ. ನೀರು ಬಿಸಿಯಾಗಿರಲಿಲ್ಲ. ಕೋಶದ ಪೊರೆ ಹರಿದಿತ್ತು. ಆಗ ಡಾಲ್ಡಾ, ಸಾಬೂನು ಮಾಡುತ್ತಿದ್ದ ಕಂಪನಿಯ ಪ್ರಯೋಗಾಲಯದಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೀಜ ಬಿದ್ದದ್ದು ವಿಚಿತ್ರವೇ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಾಗದು. ಟ್ರಾನ್ಸ್‌ಫಾರ್ಮರು ಸಿಡಿಲಿಗೆ ತಾಳುತ್ತದೆಯೇ ಎಂದು ನೋಡಲು ನಾವು ಅದಕ್ಕೆ ಕೃತಕ ಸಿಡಿಲನ್ನು ಬಡಿಯುತ್ತಿದ್ದೆವು. ಇಂಪಲ್ಸ್ ಪರೀಕ್ಷೆ ಎಂದು ಅದಕ್ಕೆ ಹೆಸರು. 1.2 ಮೈಕ್ರೋಸೆಕೆಂಡಿನಲ್ಲಿ ಶಿಖರ ಮುಟ್ಟಿ, 50 ಮೈಕ್ರೋಸೆಕೆಂಡಿಗೆ ಅರ್ಧಕ್ಕಿಳಿಯುವ ಹೊಡೆತ. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಒಳಗಿನ ನಿರೋಧಕ ಮುರಿದರೆ ಆ ತಿಂಗಳ ನಮ್ಮ ನಿದ್ದೆ ಹೋಯಿತೆಂದೇ ಲೆಕ್ಕ. ಜೀವಕೋಶವೂ ಇಂಥದೇ ಒಂದು ಪುಟ್ಟ ಯಂತ್ರ. ಅದರ ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ಅಷ್ಟು ತೆಳುವಾದ ಪೊರೆಯ ಎರಡು ಬದಿಗೆ ಒಂದೇ ಒಂದು ವೋಲ್ಟ್ ಬಿದ್ದರೂ ಅದು ಸೆಂಟಿಮೀಟರಿಗೆ ಇಪ್ಪತ್ತು ಲಕ್ಷ ವೋಲ್ಟಿನ ಒತ್ತಡ. ನಮ್ಮ ಟ್ರಾನ್ಸ್‌ಫಾರ್ಮರ್ ಎಣ್ಣೆ ಅದರ ಕಾಲುಭಾಗವನ್ನೂ ತಾಳಲಾರದು. ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಹೊಡೆತ ಮಿತವಾಗಿದ್ದರೆ ಸ್ವಲ್ಪ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ, ಅತಿಯಾದರೆ ಮುಚ್ಚುವುದಿಲ್ಲ. ಒಳಗಿನದು ಹೊರಗೆ ಸೋರಿ, ಹೊರಗಿನದು ಒಳಗೆ ನುಗ್ಗಿ ಕೋಶ ಸಾಯುತ್ತದೆ. ಜೀವಮಾನವಿಡೀ ನಾನು ಯಾವುದನ್ನು ತಡೆಯಲು ದುಡಿದೆನೋ ಅದನ್ನೇ ಇವರು ಬೇಕೆಂದೇ ಮಾಡಿಸುತ್ತಾರೆ.

ಮುಚ್ಚಿಕೊಳ್ಳುವ ರಂಧ್ರದ ಉಪಯೋಗವೇ ಮೊದಲು ಬಂದದ್ದು. 1982ರಲ್ಲಿ ಜರ್ಮನಿಯ ಎಬರ್ಹಾರ್ಡ್ ನಾಯ್ಮನ್ ಮತ್ತು ಸಂಗಡಿಗರು ಈ ಕಿಂಡಿಯ ಮೂಲಕ ಇಲಿಯ ಕೋಶದೊಳಕ್ಕೆ ಹೊಸ ಜೀನನ್ನು ದಾಟಿಸಿದರು. ‘ಎಲೆಕ್ಟ್ರೋಪೊರೇಷನ್’ ಎಂಬ ಹೆಸರು ರೂಢಿಗೆ ಬಂದದ್ದು ಅಲ್ಲಿಂದ. ಜೀನು ದಾಟುವುದಾದರೆ ಔಷಧಿ ಏಕೆ ದಾಟಬಾರದು? ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಬಹಳ ಉಗ್ರ, ಆದರೆ ಪೊರೆ ದಾಟಿ ಒಳಗೆ ಹೋಗಲು ಅದಕ್ಕೆ ತ್ರಾಣವಿಲ್ಲ. 1987ರಲ್ಲಿ ಜಪಾನಿನ ಓಕಿನೋ ಮತ್ತು ಮೋಹ್ರಿ ಪ್ರಾಣಿಗಳಲ್ಲಿ ಮಿಡಿತ ಮತ್ತು ಔಷಧಿಯನ್ನು ಜೊತೆಗೂಡಿಸಿದರು. ಪ್ಯಾರಿಸಿನ ಬಳಿಯ ಗುಸ್ತಾವ್ ರೂಸಿ ಸಂಸ್ಥೆಯಲ್ಲಿ ಲೂಯಿ ಮೀರ್ ಅದನ್ನೇ ರೋಗಿಗಳಿಗೆ ತಂದ. 1991ರಲ್ಲಿ ವರದಿಯಾದ ಆ ಮೊದಲ ರೋಗಿಗಳು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನವರು. ಚರ್ಮದ ಗಂಟುಗಳಿಗೆ ಈ ಕ್ರಮ ಯೂರೋಪಿನಲ್ಲಿ ಈಗ ಸಾಕಷ್ಟು ಬಳಕೆಯಲ್ಲಿದೆ.

ಮುಚ್ಚದ ರಂಧ್ರವನ್ನು ಮಾತ್ರ ಎಲ್ಲರೂ ತಪ್ಪು ಎಂದೇ ಎಣಿಸಿದ್ದರು, ಪ್ರಯೋಗ ಕೆಟ್ಟಿತು ಎಂದು ಬದಿಗಿಡುತ್ತಿದ್ದರು. ಆ ಕೆಟ್ಟದ್ದರಲ್ಲೇ ಉಪಯೋಗ ಕಂಡವನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಬೋರಿಸ್ ರುಬಿನ್ಸ್ಕಿ. ಈತನೂ ವೈದ್ಯನಲ್ಲ, ಎಂಜಿನಿಯರು. ಗಂಟುಗಳನ್ನು ಹಿಮಗಟ್ಟಿಸಿ ಕೊಲ್ಲುವ ವಿದ್ಯೆಯಲ್ಲಿ ಪಳಗಿದವನು. 2005ರಲ್ಲಿ ತನ್ನ ಶಿಷ್ಯ ರಫಾಯಲ್ ಡವಾಲೋಸ್ ಮತ್ತು ಮೇಲೆ ಹೇಳಿದ ಮೀರ್ ಜೊತೆ ಸೇರಿ ಒಂದು ಲೆಕ್ಕ ಪ್ರಕಟಿಸಿದ. ಔಷಧಿಯೂ ಬೇಡ, ಶಾಖವೂ ಬೇಡ, ಬರಿಯ ಮಿಡಿತದಿಂದ ಸಾಕಷ್ಟು ದೊಡ್ಡ ಗಾತ್ರದ ಅಂಗಾಂಶವನ್ನು ಕೊಲ್ಲಬಹುದು ಎಂಬುದು ಅದರ ಸಾರ. ಇದರಿಂದ ಹುಟ್ಟಿದ ಯಂತ್ರವೇ ‘ನ್ಯಾನೋನೈಫ್’. ಹೆಸರಿನಲ್ಲಿ ಚಾಕು ಇದೆಯೇ ಹೊರತು ಕೆಲಸದಲ್ಲಿಲ್ಲ, ಇರುವುದು ಸೂಜಿಗಳು.

ಮೇದೋಜೀರಕಕ್ಕೂ ಇದಕ್ಕೂ ನಂಟು ಬೆಳೆದದ್ದು ಒಂದು ಗುಣದಿಂದ. ಸುಡುವ ಚಿಕಿತ್ಸೆ ಎದುರಿಗೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಗಂಟನ್ನೂ ಸುಟ್ಟು, ಅದು ತಬ್ಬಿಕೊಂಡಿರುವ ನಾಳವನ್ನೂ ಸುಡುತ್ತದೆ. ಮಿಡಿತವಾದರೋ ಕೋಶಗಳ ಪೊರೆಯನ್ನು ಮಾತ್ರ ಮುರಿಯುತ್ತದೆ. ರಕ್ತನಾಳದ, ಪಿತ್ತನಾಳದ ಗೋಡೆಗೆ ಆಕಾರ ಕೊಟ್ಟಿರುವ ನಾರಿನ ಚೌಕಟ್ಟಿಗೆ ಪೊರೆಯೇ ಇಲ್ಲ, ಆದ್ದರಿಂದ ಅದು ಬಹುಮಟ್ಟಿಗೆ ಉಳಿಯುತ್ತದೆ. ಮನೆಯವರು ಹೋದರೂ ಮನೆ ನಿಂತಿರುತ್ತದೆ, ಹೊಸಬರು ಬಂದು ಸೇರಿಕೊಳ್ಳಬಹುದು. ಕತ್ತಿ ಹಾಕಲಾಗದ ಜಾಗದಲ್ಲಿ ಸೂಜಿ ಹಾಕಬಹುದೆಂಬ ಆಸೆ ಹುಟ್ಟಿದ್ದು ಹೀಗೆ.

ಸೂಜಿ ಎಂದಾಕ್ಷಣ ಇಂಜೆಕ್ಷನ್ ಎಂದು ತಿಳಿಯಬಾರದು. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಮಾಂಸಖಂಡಗಳು ಎಗರದಂತೆ ಅವನ್ನೂ ಸ್ತಬ್ಧಗೊಳಿಸಿ, ಹೊಟ್ಟೆ ತೆರೆದೋ ಸ್ಕ್ಯಾನ್ ನೋಡುತ್ತ ಚರ್ಮದ ಮೂಲಕವೋ ಗಂಟಿನ ಸುತ್ತ ಎರಡರಿಂದ ಆರು ಸೂಜಿಗಳನ್ನು ಒಂದೂವರೆ ಎರಡು ಸೆಂಟಿಮೀಟರ್ ಅಂತರದಲ್ಲಿ, ಗೋಡೆಗೆ ಮೊಳೆ ಹೊಡೆದಷ್ಟು ನೇರವಾಗಿ, ಸಮಾನಾಂತರವಾಗಿ ಇಳಿಸಬೇಕು. ಪ್ರತಿ ಜೋಡಿಯ ನಡುವೆ ಸೆಂಟಿಮೀಟರಿಗೆ ಸುಮಾರು 1500 ವೋಲ್ಟಿನ, 70ರಿಂದ 100 ಮೈಕ್ರೋಸೆಕೆಂಡಿನ ಸುಮಾರು 90 ಮಿಡಿತಗಳು. ಕರೆಂಟು ಹರಿದ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ಜೋಡಿಗೆ ಒಂದು ಸಲ ಕಣ್ಣೆವೆ ಇಕ್ಕುವಷ್ಟೂ ಆಗುವುದಿಲ್ಲ! ಆದರೆ ಅಷ್ಟರಲ್ಲೇ ಹೃದಯದ ಲಯ ತಪ್ಪುವ ಅಪಾಯವಿದೆ. ಮೆಲ್ಬೋರ್ನಿನಲ್ಲಿ 38 ಮಂದಿ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಸುರಕ್ಷತೆಯ ಪರೀಕ್ಷೆಯಲ್ಲಿ ಇದು ಕಣ್ಣಿಗೆ ಬಿತ್ತು. ಅದಕ್ಕಾಗಿ ಇ.ಸಿ.ಜಿ. ನೋಡಿಕೊಂಡು ಹೃದಯದ ಪ್ರತಿ ಬಡಿತಕ್ಕೊಂದರಂತೆ, ಅದು ಕಿವಿಗೊಡದ ಕ್ಷಣವನ್ನೇ ಹಿಡಿದು ಮಿಡಿತ ಬಿಡುತ್ತಾರೆ.

ಫಲವೇನು? ಕೆಂಟಕಿಯ ಲೂಯಿವಿಲ್‌ನ ಶಸ್ತ್ರವೈದ್ಯ ರಾಬರ್ಟ್ ಮಾರ್ಟಿನ್ 2012ರಲ್ಲಿ 27 ರೋಗಿಗಳ, 2015ರಲ್ಲಿ 200 ರೋಗಿಗಳ ವರದಿ ಕೊಟ್ಟರು. ಇವರೆಲ್ಲ ರೋಗ ಹರಡದೆ, ನಾಳಗಳನ್ನು ಸುತ್ತಿಕೊಂಡಿದ್ದವರು. ಅರ್ಧದಷ್ಟು ಮಂದಿ 24.9 ತಿಂಗಳಿಗಿಂತ ಹೆಚ್ಚು ಬದುಕಿದ್ದರು. ಕೀಮೋ ಒಂದರಿಂದಲೇ ಇಂಥವರು ಸಾಮಾನ್ಯವಾಗಿ ಬದುಕುತ್ತಿದ್ದ ಅವಧಿಗೆ ಹೋಲಿಸಿದರೆ ಇದು ದೊಡ್ಡ ಸಂಖ್ಯೆ, ಪತ್ರಿಕೆಗಳೆಲ್ಲ ಬರೆದವು. ಆದರೆ ಪರೀಕ್ಷಾ ವಿಭಾಗದವನ ಕಣ್ಣಿಗೆ ಇಲ್ಲೊಂದು ತೊಡಕು ಕಾಣುತ್ತದೆ. ಈ ರೋಗಿಗಳಿಗೆ ಮೊದಲು ಕೆಲವು ತಿಂಗಳು ಕೀಮೋ ಕೊಟ್ಟು, ಆ ಅವಧಿಯಲ್ಲಿ ರೋಗ ಹರಡದೆ ನಿಂತವರನ್ನು ಆರಿಸಿಕೊಂಡಿದ್ದರು. ಓಟದ ಅರ್ಧಕ್ಕೇ ಬಿದ್ದವರನ್ನು ಬಿಟ್ಟು ಉಳಿದವರ ಸರಾಸರಿ ತೆಗೆದ ಹಾಗೆ. ಗೆದ್ದದ್ದು ಸೂಜಿಯೋ, ಆಯ್ಕೆಯೋ?

ಇದಕ್ಕೆ ಉತ್ತರ ಬೇಕಾದರೆ ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನೋಡಬೇಕು. ಆಮ್ಸ್ಟರ್‌ಡ್ಯಾಮಿನವರು ಅದನ್ನೇ ಮಾಡಿದರು. ‘ಕ್ರಾಸ್‌ಫೈರ್’ ಎಂಬ ಆ ಪರೀಕ್ಷೆಯಲ್ಲಿ 68 ರೋಗಿಗಳು. ಮೊದಲು ಕೀಮೋ ಪಡೆದ ಇವರಲ್ಲಿ ಅರ್ಧದಷ್ಟು ಮಂದಿಗೆ ಮಿಡಿತ, ಅರ್ಧದಷ್ಟು ಮಂದಿಗೆ ಗುರಿಯಿಟ್ಟು ಕೊಡುವ ವಿಕಿರಣ. 2024ರಲ್ಲಿ ಫಲಿತಾಂಶ ಬಂತು: ಮಿಡಿತದಿಂದ ಹೆಚ್ಚು ಆಯುಸ್ಸು ಸಿಕ್ಕಿರಲಿಲ್ಲ. ವಿಕಿರಣದವರ ಮಧ್ಯಾಂಕ 16.1 ತಿಂಗಳು, ಮಿಡಿತದವರದು 12.5. ಪ್ರಯೋಜನ ಕಾಣುವ ಸಂಭವವಿಲ್ಲವೆಂದು ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದ್ದರು. ಸಂಖ್ಯೆ ಸಣ್ಣದು, ಆದ್ದರಿಂದ ಮಿಡಿತ ಸೋತಿತೆಂದು ಡಂಗುರ ಹೊಡೆಯುವುದು ಸಲ್ಲ. ಗೆದ್ದಿತೆಂದು ಹೊಡೆದ ಡಂಗುರ ಮಾತ್ರ ಅವಸರದ್ದು ಎಂದು ಖಂಡಿತ ಹೇಳಬಹುದು.

ಮಿಡಿತವಲ್ಲದ, ಆದರೆ ವಿದ್ಯುತ್ತಿನದೇ ಆದ ಇನ್ನೊಂದು ದಾರಿಯೂ ಇದೆ. ಇಸ್ರೇಲಿನ ಯೋರಾಂ ಪಾಲ್ಟಿ ಕಂಡುಹಿಡಿದದ್ದು. ಹೊಟ್ಟೆಯ ಮೇಲೆ ಪಟ್ಟಿಗಳನ್ನಂಟಿಸಿ, ದಿನದ ಬಹುಪಾಲು ಹೊತ್ತು ಸೌಮ್ಯವಾದ ಪರ್ಯಾಯ ವಿದ್ಯುತ್ ಕ್ಷೇತ್ರವನ್ನು ಹಾಯಿಸುತ್ತ ಕೋಶಗಳು ಒಡೆದು ಎರಡಾಗದಂತೆ ತಡೆಯುವುದು. 571 ರೋಗಿಗಳ ಪರೀಕ್ಷೆಯ ಫಲ 2025ರಲ್ಲಿ ಪ್ರಕಟವಾಯಿತು. ಕೀಮೋ ಮಾತ್ರ ಪಡೆದವರಿಗೆ 14.2 ತಿಂಗಳು, ಪಟ್ಟಿಯನ್ನೂ ಕಟ್ಟಿಕೊಂಡವರಿಗೆ 16.2. ಎರಡು ತಿಂಗಳು. ಇದನ್ನು ಓದಿ ನಕ್ಕುಬಿಡುವವರಿದ್ದಾರೆ. ಎರಡು ತಿಂಗಳೊಳಗೆ ಮಗಳ ಮದುವೆ ಇಟ್ಟುಕೊಂಡವರು ನಗಲಾರರು.

ಇನ್ನು ನೆರೆಯವರು ತಂದ ಪತ್ರಿಕೆಯ ತುಂಡಿನಲ್ಲಿದ್ದ ಬೆಂಗಳೂರಿನ ಯಂತ್ರ. ಅದರ ಹೆಸರು ಸೈಟೋಟ್ರಾನ್. ಬೆಂಗಳೂರಿನ ಸ್ಕೇಲೀನ್ ಸಂಸ್ಥೆಯ ರಾಜಾ ವಿಜಯಕುಮಾರ್ ರೂಪಿಸಿದ್ದು. ಇದರಲ್ಲಿ ಸೂಜಿಯಿಲ್ಲ, ಸಾವಿರಾರು ವೋಲ್ಟಿನ ಹೊಡೆತವಿಲ್ಲ. ಸ್ಕ್ಯಾನ್ ಯಂತ್ರದಂಥದ್ದರಲ್ಲಿ ರೋಗಿಯನ್ನು ಮಲಗಿಸಿ, ತಿರುಗುವ ರೇಡಿಯೋ ತರಂಗ ಮತ್ತು ಕಾಂತಕ್ಷೇತ್ರಗಳನ್ನು ಹಾಯಿಸುತ್ತಾರೆ. ಮೇಲೆ ಹೇಳಿದ ಮಿಡಿತದ ವಂಶಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ, ಎರಡನ್ನೂ ‘ಕರೆಂಟಿನ ಚಿಕಿತ್ಸೆ’ ಎಂಬ ಒಂದೇ ಚೀಲಕ್ಕೆ ತುಂಬಿದವರು ಪತ್ರಿಕೆಯವರು. 2019ರಲ್ಲಿ ಅಮೆರಿಕದ ಎಫ್.ಡಿ.ಎ. ಇದನ್ನು ‘ಬ್ರೇಕ್‌ಥ್ರೂ’ ಸಾಧನಗಳ ಸಾಲಿಗೆ ಸೇರಿಸಿತು. ಸ್ತನ, ಯಕೃತ್ತು, ಮೇದೋಜೀರಕದ ಕ್ಯಾನ್ಸರುಗಳ ಹೆಸರು ಸುದ್ದಿಯಲ್ಲಿತ್ತು. ಕನ್ನಡಿಗರಿಗೆ ಸಂತೋಷವೆನಿಸುವುದು ಸಹಜ, ನನಗೂ ಎನಿಸಿತು. ಆದರೆ ಆ ಬಿರುದಿನ ಅರ್ಥವನ್ನು ವಿಚಾರಿಸಬೇಕು. 2016ರ ಒಂದು ಕಾಯಿದೆಯಿಂದ ಬಂದ ವ್ಯವಸ್ಥೆ ಅದು. ಗಂಭೀರ ರೋಗಕ್ಕೆ ಉಪಯೋಗವಾದೀತು ಎನಿಸಿದ ಸಾಧನದ ಪರಿಶೀಲನೆಯನ್ನು ಬೇಗ ನಡೆಸಿಕೊಡುವುದಕ್ಕಾಗಿ ಕೊಡುವಂಥದು, ಮಾರಾಟಕ್ಕೆ ಒಪ್ಪಿಗೆಯಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪರೀಕ್ಷೆಗೆ ಕೂರಲು ಕೊಟ್ಟ ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್ ಅಲ್ಲ. ಮೇಲಾಗಿ ಆ ಪ್ರಕಟಣೆಯ ಮಾತುಗಳಲ್ಲಿದ್ದದ್ದು ಕಾಲಾವಧಿಯನ್ನು ವಿಸ್ತರಿಸುವುದು, ನೋವು ಶಮನ, ಕೊನೆಗಾಲದ ನೆಮ್ಮದಿ. ‘ವಾಸಿ’ ಎಂಬ ಮಾತು ಗುಜರಾತಿ ಪತ್ರಿಕೆಗೆ ಬರುವ ಹಾದಿಯಲ್ಲಿ ಎಲ್ಲೋ ಸೇರಿಕೊಂಡದ್ದು.

ಎಂಟನೆಯ ದಿನ ನೆರೆಯವರನ್ನು ಕರೆದು ಇಷ್ಟನ್ನೂ, ಇದಕ್ಕಿಂತ ಚಿಕ್ಕದಾಗಿ, ಹೇಳಿದೆ. ಹರಳು ನೋಡುವವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. “ಅಂದರೆ ಕಲ್ಲು ಒಳಗಿನಿಂದ ಬಿರುಕು ಬಿಟ್ಟಿದೆಯೋ ಇಲ್ಲವೋ ಮೊದಲು ನೋಡಬೇಕು, ಆಮೇಲೆ ಯಾವ ಘಂಟಿ ಎಂಬ ಮಾತು” ಎಂದರು. ಜೇಬಿನಿಂದ ವಜ್ರ ಕಟ್ಟುವ ಪೊಟ್ಟಣದ ಕಾಗದ ತೆಗೆದು ಅದರ ಬೆನ್ನಿಗೆ ಡಾಕ್ಟರನ್ನು ಕೇಳಬೇಕಾದದ್ದನ್ನು ಬರೆದುಕೊಂಡರು. ರೋಗ ಬೇರೆಡೆಗೆ ಹರಡಿದೆಯೇ, ಇಲ್ಲದಿದ್ದರೆ ಗಂಟು ಎಷ್ಟು ಸೆಂಟಿಮೀಟರ್, ಯಾವ ನಾಳವನ್ನು ಎಷ್ಟು ಸುತ್ತಿದೆ, ಮೊದಲು ಕೀಮೋ ಕೊಟ್ಟು ನೋಡಬಹುದೇ, ಹೊಸ ಚಿಕಿತ್ಸೆ ಎನ್ನುವವರು ಅದನ್ನು ಯಾವುದರ ಜೊತೆ ಹೋಲಿಸಿ ನೋಡಿದ್ದಾರೆ. ಬೆಂಗಳೂರಿನ ಕಿದ್ವಾಯಿ 1973ರದು, ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1972ರದು. ಪರಿಣತರ ಎರಡನೆಯ ಅಭಿಪ್ರಾಯಕ್ಕಾಗಿ ಸಾವಿರಾರು ಮೈಲಿ ಹೋಗಬೇಕಿಲ್ಲ, ನಾಲ್ಕೈದು ಗಂಟೆಯ ದಾರಿ ಸಾಕು ಎಂದೂ ಹೇಳಿದೆ.

ಅಹಮದಾಬಾದಿಗೆ ಹೋದರು. ಹೊಸ ಸ್ಕ್ಯಾನಿನಲ್ಲಿ ಯಕೃತ್ತಿನಲ್ಲಿ ಎರಡು ಚಿಕ್ಕ ಕಲೆಗಳು ಕಂಡವು. ಹಾಗಾದ ಮೇಲೆ ಒಂದು ಜಾಗಕ್ಕೆ ಇಳಿಸುವ ಸೂಜಿಯ ಪ್ರಶ್ನೆಯೇ ಇರಲಿಲ್ಲ. ಅಲ್ಲಿಯ ವೈದ್ಯರು ಕುಳ್ಳಿರಿಸಿಕೊಂಡು ಅರ್ಧ ಗಂಟೆ ಮಾತಾಡಿದರಂತೆ. ಎರಡು ವಾರಕ್ಕೊಮ್ಮೆ ಕೀಮೋವನ್ನು ಸೂರತ್ತಿನಲ್ಲೇ ಪಡೆಯುವ ಏರ್ಪಾಡಾಯಿತು. ಊಟದ ಜೊತೆ ನುಂಗಲು ಗ್ರಂಥಿಯ ರಸದ ಕ್ಯಾಪ್ಸೂಲುಗಳನ್ನು ಕೊಟ್ಟರು. ಅದರಿಂದ ತುಪ್ಪ ಹಚ್ಚಿದ ರೋಟ್ಲೊ ಮತ್ತೆ ಅರಗತೊಡಗಿತು, ತೂಕ ಇಳಿಯುವುದು ಒಂದಷ್ಟು ಕಾಲ ನಿಂತಿತು. ಬೆನ್ನುನೋವಿಗೆ ಮೊದಲೇ ಕೊಡಬಹುದಾಗಿದ್ದ ಔಷಧಿಯನ್ನು ಆಗ ಶುರುಮಾಡಿದರು. ಹೊಲ ಮಾರಲಿಲ್ಲ.

ಉತ್ತರಾಯಣದ ದಿನ ಮೋಟಾಭಾಯಿ ತಾರಸಿಗೆ ಬಂದಿದ್ದರು. ತಲೆಗೆ ಮಫ್ಲರ್ ಸುತ್ತಿ ಕುರ್ಚಿಯಲ್ಲಿ ಕುಳಿತು, ಮೊಮ್ಮಗನ ಗಾಳಿಪಟಕ್ಕೆ ಫಿರ್ಕಿ ಹಿಡಿದಿದ್ದರು. ದಾರ ಬಿಡುವುದರಲ್ಲಿ ಹುಡುಗನಿಗಿಂತ ಅವರಿಗೇ ಅವಸರ. ನನ್ನನ್ನು ಕಂಡು “ಅಣ್ಣಾ, ನಿಮ್ಮ ಬೆಂಗಳೂರು ನೋಡಲಿಲ್ಲ” ಎಂದು ನಕ್ಕರು. ಹೋಳಿಗೆ ನಾಲ್ಕು ದಿನ ಮುಂಚೆ, ಮನೆಯಲ್ಲೇ, ತೀರಿಕೊಂಡರು.